ಮನೆಯವಳು ಮುಟ್ಟಬಾರದ ಔಷಧ

ಪೆನ್ಸಿಲ್ವೇನಿಯಾದಲ್ಲಿ ವೈದ್ಯಕೀಯ ಗಾಂಜಾ ಪಡೆಯಲು ರೋಗಿ ಏನು ಮಾಡಬೇಕು ಎಂಬುದನ್ನು ರಾಜ್ಯದ ಆರೋಗ್ಯ ಇಲಾಖೆ ನಾಲ್ಕು ಹಂತಗಳಲ್ಲಿ ಹೇಳಿ ಮುಗಿಸುತ್ತದೆ: ರಿಜಿಸ್ಟ್ರಿ ಎಂಬ ರಾಜ್ಯದ ನೋಂದಣಿ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ, ಅನುಮೋದಿತ ವೈದ್ಯರಿಂದ ಪ್ರಮಾಣೀಕರಣ ಪಡೆಯಿರಿ, ಗುರುತಿನ ಚೀಟಿಗೆ ಹಣ ಕಟ್ಟಿ, ಡಿಸ್ಪೆನ್ಸರಿಗೆ, ಅಂದರೆ ಈ ಔಷಧ ಮಾರುವ ಅಂಗಡಿಗೆ, ಹೋಗಿ. ಆ ನಾಲ್ಕನ್ನೂ ನಾನು ದಾಟಿದ್ದೇನೆ. ಆದರೆ ಒಬ್ಬರ ಬಳಿ ಅಮೆರಿಕದ ಪಾಸ್‌ಪೋರ್ಟ್, ಇನ್ನೊಬ್ಬರ ಬಳಿ ಗ್ರೀನ್ ಕಾರ್ಡ್, ಮತ್ತೊಬ್ಬರ ಬಳಿ ಎಚ್-1ಬಿ ಎಂಬ ಕೆಲಸದ ವೀಸಾ ಇರುವ ನಮ್ಮಂಥ ಮನೆಗಳಲ್ಲಿ ಅವಕ್ಕೆಲ್ಲ ಮೊದಲು ಇನ್ನೊಂದು ಹಂತವಿದೆ: ವಲಸೆ ವಕೀಲರನ್ನು ಕೇಳುವುದು. ನಾನು ಓದಿದ ಪಟ್ಟಿಯಲ್ಲಿ ಅದು ಇರಲಿಲ್ಲ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

2022ರ ಬೇಸಿಗೆಯ ಕೊನೆಯಲ್ಲಿ ನನಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮೂರನೇ ಹಂತ. ಶಸ್ತ್ರಚಿಕಿತ್ಸೆ ಮುಗಿದು ಕೀಮೋಥೆರಪಿ ಶುರುವಾಗುವ ಹೊತ್ತಿಗೆ ಪಿಟ್ಸ್‌ಬರ್ಗಿಗೆ ಚಳಿ ಬಂದಿತ್ತು. ನನಗೆ ಕೊಡುತ್ತಿದ್ದ ಔಷಧಗಳಲ್ಲಿ ಆಕ್ಸಾಲಿಪ್ಲಾಟಿನ್ ಒಂದು. ಅದು ನರಗಳ ಮೇಲೆ ಎರಗುತ್ತದೆ. ತಣ್ಣಗಿರುವುದು ಏನೇ ತಾಗಿದರೂ ಬೆರಳ ತುದಿಯಲ್ಲಿ ಸೂಜಿ ಚುಚ್ಚುತ್ತದೆ. ಫ್ರಿಜ್ಜಿನಿಂದ ಮೊಸರಿನ ಡಬ್ಬಿ ತೆಗೆಯಲು ಉಣ್ಣೆಯ ಕೈಗವಸು ಹಾಕಿಕೊಳ್ಳಬೇಕಿತ್ತು. ನಲ್ಲಿ ನೀರನ್ನು ಬಿಸಿ ಮಾಡದೆ ಕುಡಿದರೆ ಗಂಟಲು ಬಿಗಿದುಕೊಂಡು ಉಸಿರೇ ನಿಂತ ಹಾಗಾಗುತ್ತಿತ್ತು. ಸ್ಟೀಲ್ ಲೋಟವನ್ನು ಬಿಟ್ಟು ಮರದ ಹಿಡಿಯ ಕಪ್ ಹಿಡಿದೆ. ಆಸ್ಪತ್ರೆಯಲ್ಲಿ ಒಂದು ಔಷಧ ಏರಿಸಿ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿದ ಸಣ್ಣ ಪಂಪಿನಲ್ಲಿ ತುಂಬಿ ಮನೆಗೆ ಕಳಿಸುತ್ತಿದ್ದರು. ಎರಡು ದಿನ ಅದು ಗುಯ್ಗುಟ್ಟುತ್ತಾ ಮೈಯೊಳಗೆ ಇಳಿಯುತ್ತಿತ್ತು. ಅದನ್ನು ಬಿಚ್ಚಿದ ಮೇಲೆ ಶುರುವಾಗುತ್ತಿದ್ದ ವಾಕರಿಕೆಗೆ ಆಂಡಾನ್ಸೆಟ್ರಾನ್ ಮಾತ್ರೆಯೂ ಸಾಲದಾಯಿತು. ಒಗ್ಗರಣೆಯ ವಾಸನೆ ಬಂದರೆ ಸಾಕು, ನಾನು ಮಹಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ತೂಕ ಇಳಿಯುತ್ತಲೇ ಹೋಯಿತು. ಪಾದಗಳ ಉರಿ ಮಾತ್ರ ರಾತ್ರಿಯಿಡೀ ಜೊತೆಗಿರುತ್ತಿತ್ತು.

ನನ್ನ ಕ್ಯಾನ್ಸರ್ ತಜ್ಞೆ ಮೊದಲು ಬರೆದುಕೊಟ್ಟದ್ದು ಡ್ರೊನಾಬಿನಾಲ್ ಎಂಬ ಕ್ಯಾಪ್ಸೂಲ್. ಗಾಂಜಾದ ಮುಖ್ಯ ರಾಸಾಯನಿಕವಾದ ಟಿಎಚ್‌ಸಿಯನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಮಾಡಿದ ಔಷಧ ಅದು. ಕೀಮೋಥೆರಪಿಯ ವಾಂತಿಗೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1985ರಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಮಾಮೂಲಿ ಔಷಧ ಅಂಗಡಿಯಲ್ಲಿ ಮಾಮೂಲಿ ಚೀಟಿಯ ಮೇಲೆ ಸಿಗುತ್ತದೆ. ನನಗೆ ವಿಮೆಯೂ ಹಣ ಕೊಟ್ಟಿತು. ಹಸಿವು ಸ್ವಲ್ಪ ಮರಳಿತು. ಆದರೆ ನುಂಗಿದ್ದು ಕೆಲಸ ಶುರು ಮಾಡುವ ಮೊದಲೇ ವಾಂತಿಯಾಗಿ ಹೋದರೆ ಏನು ಪ್ರಯೋಜನ? ಪಾದದ ಉರಿಗಂತೂ ಅದು ಏನೂ ಮಾಡಲಿಲ್ಲ. ಆಗ ಆಕೆ ರಾಜ್ಯದ ಕಾರ್ಯಕ್ರಮದ ಮಾತು ತೆಗೆದರು. "ಅನುಮೋದಿತ ವೈದ್ಯರ ಪಟ್ಟಿಯಲ್ಲಿ ನಾನಿಲ್ಲ, ಪ್ರಮಾಣೀಕರಣ ನಾನು ಕೊಡಲಾರೆ. ಆದರೆ ನೀವು ಪ್ರಯತ್ನಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಏನು ತೆಗೆದುಕೊಳ್ಳುತ್ತೀರಿ ಎಂದು ನನಗೆ ಮುಚ್ಚುಮರೆಯಿಲ್ಲದೆ ಹೇಳಿ, ಅಷ್ಟು ಸಾಕು" ಎಂದರು. ಅವರ ಆ ಮಾತಿಗೆ ನಾನು ಋಣಿ. ಎಷ್ಟೋ ರೋಗಿಗಳು ಇದನ್ನು ತಮ್ಮ ವೈದ್ಯರಿಂದಲೇ ಬಚ್ಚಿಡುತ್ತಾರೆ.

ಈ ಕಾರ್ಯಕ್ರಮ ಹುಟ್ಟಿದ್ದು 2016ರ 16ನೇ ಕಾಯ್ದೆಯಿಂದ. ಅಪಸ್ಮಾರದಿಂದ ನರಳುವ ಮಕ್ಕಳ ತಾಯಂದಿರು ರಾಜಧಾನಿ ಹ್ಯಾರಿಸ್‌ಬರ್ಗಿಗೆ ಎಡತಾಕಿ, ಶಾಸಕರ ಕಚೇರಿಗಳ ಮುಂದೆ ಕೂತು ಮಾಡಿಸಿದ ಕಾಯ್ದೆ ಅದು. ಗವರ್ನರ್ ಟಾಮ್ ವುಲ್ಫ್ ಆ ವರ್ಷದ ಏಪ್ರಿಲ್‌ನಲ್ಲಿ ಸಹಿ ಹಾಕಿದರು. ಮೊದಲ ಮಾರಾಟ 2018ರ ಫೆಬ್ರವರಿಯಲ್ಲಿ, ನಮ್ಮ ಪಿಟ್ಸ್‌ಬರ್ಗಿಗೆ ಉತ್ತರದಲ್ಲಿರುವ ಬಟ್ಲರ್ ಎಂಬ ಊರಿನಲ್ಲಿ ಶುರುವಾಯಿತು. ಮನಸ್ಸು ಬಂದವರೆಲ್ಲ ಕೊಳ್ಳುವ ಹಾಗಿಲ್ಲ. ಇಪ್ಪತ್ತಕ್ಕೂ ಹೆಚ್ಚು ಗಂಭೀರ ಕಾಯಿಲೆಗಳ ಪಟ್ಟಿಯಿದೆ. ಕ್ಯಾನ್ಸರ್, ಅಪಸ್ಮಾರ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ನರಬೇನೆ, ಬಹುಕಾಲದ ತೀವ್ರ ನೋವು ಅದರಲ್ಲಿವೆ. ಕ್ಯಾನ್ಸರ್ ಮತ್ತು ನರಬೇನೆ, ಹೀಗೆ ನನಗೆ ಎರಡು ಬಾಗಿಲು ತೆರೆದಿದ್ದವು.

ಊರಿನಲ್ಲಿರುವ ಅವ್ವನಿಗೆ ಹೇಗೆ ಹೇಳುವುದೆಂದು ನಾನು ಹೆದರಿದ್ದೆ. ನಮ್ಮದು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕು. ಅವ್ವ ಕಿಂಚಿತ್ತೂ ಗಾಬರಿಯಾಗಲಿಲ್ಲ. "ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದ ಎಂದೇ ಕೊಡುತ್ತಿದ್ದರಲ್ಲಪ್ಪಾ. ನಿನಗೆ ಅನ್ನ ಸೇರುವುದಾದರೆ ತಗೋ" ಎಂದಳು. ಗಾಬರಿಯಾದವರು ಇಲ್ಲಿನ ಓದಿದ ಗೆಳೆಯರು. 2020ರಲ್ಲಿ ಬೆಂಗಳೂರಿನ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣದ ಸುದ್ದಿಯನ್ನು ದಿನವಿಡೀ ಟಿವಿಯಲ್ಲಿ ನೋಡಿದವರಿಗೆ ಗಾಂಜಾ ಎಂದರೆ ಪೊಲೀಸ್ ಜೀಪೇ ಕಣ್ಣ ಮುಂದೆ ಬರುತ್ತದೆ. ಒಬ್ಬರು ನಮ್ಮ ಮನೆಗೆ ಬರುವುದನ್ನು ಸದ್ದಿಲ್ಲದೆ ನಿಲ್ಲಿಸಿದರು. ಕೀಮೋ ನಡೆಯುತ್ತಿರುವ ಮನುಷ್ಯನಿಗೆ ಅದು ನೋವಾಗುತ್ತದೆ ಎಂಬುದನ್ನು ಇಲ್ಲಿ ಬರೆದೇ ಬಿಡುತ್ತೇನೆ.

ಇನ್ನು ಆ ನಾಲ್ಕಕ್ಕೂ ಮೊದಲಿನ ಹಂತದ ವಿಷಯ. ನಾನು ಅಮೆರಿಕದ ಪೌರನಾಗಿ ವರ್ಷಗಳಾಗಿದ್ದವು. ನನ್ನ ಹೆಂಡತಿ ಮಾತ್ರ ಭಾರತದ ಪಾಸ್‌ಪೋರ್ಟನ್ನು ಬಿಡಲು ಮನಸ್ಸಿಲ್ಲದೆ ಗ್ರೀನ್ ಕಾರ್ಡಿನಲ್ಲೇ ಉಳಿದಿದ್ದಳು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಲ್ಲ. ನನ್ನ ಕಾಯಿಲೆ ಗೊತ್ತಾದ ಮೇಲೆ, ನಾಳೆ ಏನಾದರೂ ಆದರೆ ಮಗಳ ಜೊತೆ ಇಲ್ಲಿಯೇ ಗಟ್ಟಿಯಾಗಿ ನಿಲ್ಲಬೇಕೆಂದು ಅವಳು ಪೌರತ್ವದ ಅರ್ಜಿಯಾದ ಎನ್-400 ಹಾಕಿದ್ದಳು. ಆ ಅರ್ಜಿ ನೋಡುತ್ತಿದ್ದ ವಕೀಲೆಗೆ ಬೇರೆ ಯಾವುದೋ ಕಾಗದದ ವಿಷಯಕ್ಕೆ ಫೋನ್ ಮಾಡಿದಾಗ, ಮಾತು ಮುಗಿಯುವ ಹೊತ್ತಿಗೆ ಅವಳು ಕೇಳಿದಳು: "ನಮ್ಮ ಮನೆಯವರು ವೈದ್ಯಕೀಯ ಗಾಂಜಾ ಕಾರ್ಡ್ ಮಾಡಿಸಬೇಕೆಂದಿದ್ದಾರೆ. ಅದರಿಂದ ನನಗೇನೂ ತೊಂದರೆಯಿಲ್ಲವಲ್ಲ?"

ಆ ಕಡೆಯಿಂದ ಬಂದ ಉತ್ತರ ಕೇಳಿ ಅವಳು ಫೋನನ್ನು ಸ್ಪೀಕರಿಗೆ ಹಾಕಿದಳು.

ವಕೀಲೆ ಹೇಳಿದ್ದರ ಸಾರ ಇಷ್ಟು. ರಾಜ್ಯ ಏನೇ ಹೇಳಲಿ, ವಲಸೆ ಕಾನೂನು ಫೆಡರಲ್, ಅಂದರೆ ಕೇಂದ್ರ, ಸರಕಾರದ್ದು. 1970ರ ನಿಯಂತ್ರಿತ ವಸ್ತುಗಳ ಕಾಯ್ದೆ ಗಾಂಜಾವನ್ನು ಹೆರಾಯಿನ್ ಇರುವ ಮೊದಲನೇ ಪಟ್ಟಿಯಲ್ಲೇ ಇಟ್ಟಿತ್ತು. ನಾನು ಕಾರ್ಡ್ ಮಾಡಿಸುವ ಕಾಲಕ್ಕೂ ಅದು ಅಲ್ಲಿಯೇ ಇತ್ತು. ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ 2019ರ ಏಪ್ರಿಲ್‌ನಲ್ಲಿ ತನ್ನ ನೀತಿಯನ್ನು ಬಿಡಿಸಿ ಬರೆಯಿತು: ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಇಟ್ಟುಕೊಳ್ಳುವುದು, ಬಳಸುವುದು, ಆ ಉದ್ಯಮದಲ್ಲಿ ದುಡಿಯುವುದು ಪೌರತ್ವಕ್ಕೆ ಬೇಕಾದ 'ಉತ್ತಮ ನಡತೆ'ಗೆ ಅಡ್ಡಿಯಾಗಬಹುದು. ಶಿಕ್ಷೆಯಾಗಿರಬೇಕೆಂದೇನಿಲ್ಲ, ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಸಾಕು. ಗ್ರೀನ್ ಕಾರ್ಡ್ ಇರುವವರು ಊರಿಗೆ ಹೋಗಿ ಮರಳುವಾಗ ವಿಮಾನ ನಿಲ್ದಾಣದಲ್ಲಿ ಪರ್ಸಿನೊಳಗಿನ ಒಂದು ಕಾರ್ಡೋ, ಮೊಬೈಲಿನಲ್ಲಿನ ಒಂದು ಫೋಟೋವೋ ಪ್ರಶ್ನೆಗಳಿಗೆ ದಾರಿ ಮಾಡಬಹುದು. ಎಚ್-1ಬಿ, ವಿದ್ಯಾರ್ಥಿ ವೀಸಾದವರ ಸ್ಥಿತಿ ಇನ್ನೂ ಸೂಕ್ಷ್ಮ.

"ಹಾಗಾದರೆ ಇವರು ತೆಗೆದುಕೊಳ್ಳಬಾರದೇ?" ಎಂದು ಇವಳು ಕೇಳಿದಳು.

"ಅವರು ಪೌರರು, ಅವರ ವಲಸೆ ಸ್ಥಿತಿಗೆ ಅಪಾಯವಿಲ್ಲ. ನೀವು ಕೊಳ್ಳಬೇಡಿ, ಒಯ್ಯಬೇಡಿ, ಕೈಯಲ್ಲಿ ಹಿಡಿಯಬೇಡಿ. ಅವರ ಕೇರ್‌ಗಿವರ್, ಅಂದರೆ ಅವರ ಪರವಾಗಿ ಔಷಧ ಕೊಂಡು ತಂದು ಕೊಡಲು ನೋಂದಾಯಿಸಿಕೊಂಡವರು, ಎಂದು ನಿಮ್ಮ ಹೆಸರು ಎಲ್ಲೂ ಬರಬಾರದು."

ಮದುವೆಯಾದಾಗಿನಿಂದ ನನ್ನ ಜ್ವರದ ಮಾತ್ರೆಯಿಂದ ಹಿಡಿದು ಕೀಮೋದ ಚಾರ್ಟಿನವರೆಗೆ ಎಲ್ಲವನ್ನೂ ನೋಡಿಕೊಂಡವಳು ಅವಳು. ಯಾವ ಮಾತ್ರೆ ಊಟದ ಮೊದಲು, ಯಾವುದು ಆಮೇಲೆ ಎಂದು ಕ್ಯಾಲೆಂಡರಿನ ಚೌಕಗಳಲ್ಲಿ ಬಣ್ಣದ ಪೆನ್ನಿನಿಂದ ಬರೆದಿಟ್ಟಿದ್ದಳು. ನನಗೆ ಬೇಕಾದ ಒಂದೇ ಒಂದು ಔಷಧವನ್ನು ಅವಳು ಮುಟ್ಟಬಾರದು ಎಂದಾಗ ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ರಾಜ್ಯ ಒಂದು ಕೈಯಲ್ಲಿ ಕೊಡುತ್ತದೆ, ದೇಶ ಮನೆಯೊಳಗೇ ಗೆರೆ ಎಳೆಯುತ್ತದೆ.

ಪರಿಹಾರ ನಮ್ಮ ಮಗಳಾದಳು. ಅವಳು ಇಲ್ಲಿಯೇ ಹುಟ್ಟಿದವಳು, ಪೌರಳು, ಇಪ್ಪತ್ತೊಂದು ದಾಟಿದವಳು. ಕೇರ್‌ಗಿವರ್ ಆಗಲು ಆ ವಯಸ್ಸು ಬೇಕು. ಕಾಯ್ದೆಯ ಪ್ರಕಾರ ಒಬ್ಬ ರೋಗಿ ಇಬ್ಬರನ್ನು ಹೆಸರಿಸಬಹುದು. ಅವಳು ರಿಜಿಸ್ಟ್ರಿಯಲ್ಲಿ ತನ್ನದೇ ಖಾತೆ ತೆರೆದಳು, ಬೆರಳಚ್ಚು ಕೊಟ್ಟಳು, ಹಿನ್ನೆಲೆಯ ತಪಾಸಣೆ ಮುಗಿಯುವವರೆಗೆ ಕಾದಳು. "ಅಪ್ಪಾ, ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡುತ್ತೇನೆ" ಎಂದು ಫಿಲಡೆಲ್ಫಿಯಾದಿಂದ ಲ್ಯಾಪ್‌ಟಾಪ್ ಹೊತ್ತು ಬಂದಳು.

ಕೇರ್‌ಗಿವರ್ ಏಕೆ ಬೇಕಾಯಿತು ಎಂದರೆ ಕಾರಿನ ಕಾರಣಕ್ಕೆ. ಪೆನ್ಸಿಲ್ವೇನಿಯಾದ ವಾಹನ ಕಾನೂನಿನಲ್ಲಿ ಮೊದಲನೇ ಪಟ್ಟಿಯ ವಸ್ತು ರಕ್ತದಲ್ಲಿ ಎಷ್ಟೇ ಕಡಿಮೆಯಿರಲಿ, ಗಾಡಿ ಓಡಿಸುವುದು ಅಪರಾಧ. ಕಾರ್ಡ್ ಇದೆ ಎಂಬುದು ರಕ್ಷಣೆಯಾಗುವುದಿಲ್ಲ. ಟಿಎಚ್‌ಸಿಯ ಅಂಶ ಅಮಲು ಇಳಿದ ಮೇಲೂ ಬಹಳ ದಿನ ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ನಿಯಮಿತವಾಗಿ ತೆಗೆದುಕೊಳ್ಳುವವನು ಸ್ಟಿಯರಿಂಗ್ ಹಿಡಿದರೆ ದಿನವೂ ಅಪಾಯಕ್ಕೆ ಕೈಹಾಕಿದಂತೆ. ಬಸ್ಸು ಸರಿಯಾಗಿ ಬಾರದ ನಮ್ಮ ಬಡಾವಣೆಯಲ್ಲಿ ಇದು ಸಣ್ಣ ವಿಷಯವಲ್ಲ. ನಾನು ಕೀಲಿ ತೆಗೆದು ಮಗಳ ಕೈಗೆ ಕೊಟ್ಟುಬಿಟ್ಟೆ.

ರಿಜಿಸ್ಟ್ರಿಯ ನೋಂದಣಿ ಹತ್ತು ನಿಮಿಷದ ಕೆಲಸ ಎಂದು ಎಲ್ಲರೂ ಹೇಳಿದ್ದರು. ನಮ್ಮ ಕಡೆಯ ಹೆಸರು ಹೊತ್ತವರಿಗೆ ಹಾಗಲ್ಲ. ಡ್ರೈವಿಂಗ್ ಲೈಸೆನ್ಸ್ ಅಥವಾ ರಾಜ್ಯದ ಗುರುತಿನ ಚೀಟಿಯಲ್ಲಿ ಹೆಸರು, ವಿಳಾಸ ಹೇಗಿವೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ, ತುಂಬಬೇಕು. ನನ್ನ ಲೈಸೆನ್ಸಿನಲ್ಲಿ ಅಡ್ಡಹೆಸರಾಗಿ ಊರ ಹೆಸರಿದೆ. ಅದು ಬ್ರಿಟಿಷರ ಕಾಲದ ಶೋರಾಪುರ. ಓದಿನ ಸರ್ಟಿಫಿಕೇಟುಗಳಲ್ಲಿ ಸುರಪುರ. ಅಪ್ಪನ ಹೆಸರು ಲೈಸೆನ್ಸಿನಲ್ಲಿ ಪೂರ್ತಿಯಾಗಿದೆ, ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಬರೀ ಒಂದಕ್ಷರ. ಪ್ರಮಾಣೀಕರಣ ಕೊಡುವ ವೈದ್ಯರು ನನ್ನನ್ನು ರಿಜಿಸ್ಟ್ರಿಯಲ್ಲಿ ಹುಡುಕಬೇಕಾದದ್ದು ಲೈಸೆನ್ಸಿನ ಹೆಸರಿನಿಂದ, ನೋಡಬೇಕಾದ ದಾಖಲೆಗಳಿರುವುದು ಆಸ್ಪತ್ರೆಯ ಹೆಸರಿನಲ್ಲಿ. ಅವರ ಕಚೇರಿಯ ಹುಡುಗಿಗೆ ಇಬ್ಬರೂ ಒಬ್ಬರೇ ಎಂದು ಹುಟ್ಟಿದ ದಿನಾಂಕ, ವಿಳಾಸ, ಕೊನೆಗೆ ಲೈಸೆನ್ಸಿನ ಪ್ರತಿ ಎಲ್ಲ ಕೊಟ್ಟು ಒಪ್ಪಿಸಬೇಕಾಯಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ, ಅಥವಾ ಇನಿಷಿಯಲ್ ಬಿಡಿಸಿ ಬರೆಸಿದ ಕನ್ನಡಿಗರು ಇದಕ್ಕೆ ಮೊದಲೇ ಸಿದ್ಧರಾಗಿರುವುದು ಒಳ್ಳೆಯದು: ಲೈಸೆನ್ಸನ್ನು ಮುಂದಿಟ್ಟುಕೊಂಡು ಆಸ್ಪತ್ರೆಯ ದಾಖಲೆಯನ್ನು ಅದಕ್ಕೆ ಹೊಂದಿಸಿ. ಲೈಸೆನ್ಸನ್ನು ದಾಖಲೆಗೆ ಹೊಂದಿಸಲು ಹೋದರೆ ತಿಂಗಳುಗಳೇ ಹಿಡಿಯುತ್ತವೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಈ ಇಡೀ ನೋಂದಣಿಯಲ್ಲಿ ನನ್ನನ್ನು ಯಾರೂ ನೀನು ಯಾವ ದೇಶದ ಪೌರ ಎಂದು ಕೇಳಲಿಲ್ಲ. ರಾಜ್ಯಕ್ಕೆ ಬೇಕಾದದ್ದು ನಾನು ಪೆನ್ಸಿಲ್ವೇನಿಯಾದ ನಿವಾಸಿ ಎಂಬುದು ಮಾತ್ರ. ಎಚ್-1ಬಿ ಮೇಲಿರುವ ಹುಡುಗ ಇದೇ ಲೈಸೆನ್ಸ್ ಹಿಡಿದು ಸಲೀಸಾಗಿ ಕೊನೆಯವರೆಗೂ ಹೋಗಬಹುದು. ದಾರಿಯಲ್ಲಿ ತಡೆದು ಎಚ್ಚರಿಸುವವರು ಯಾರೂ ಸಿಗುವುದಿಲ್ಲ. ನನ್ನ ಹೆಂಡತಿ ಅಂದು ಆ ಪ್ರಶ್ನೆ ಕೇಳದಿದ್ದರೆ ಕೇರ್‌ಗಿವರ್ ಎಂದು ಅವಳ ಹೆಸರನ್ನೇ ಬರೆಯುತ್ತಿದ್ದೆವು, ಅದರಲ್ಲಿ ಅನುಮಾನವಿಲ್ಲ.

ಅನುಮೋದಿತ ವೈದ್ಯರ ಪಟ್ಟಿಯನ್ನು ಆರೋಗ್ಯ ಇಲಾಖೆಯೇ ಪ್ರಕಟಿಸುತ್ತದೆ. ಅದರಲ್ಲಿರಬೇಕಾದರೆ ವೈದ್ಯರು ನಾಲ್ಕು ಗಂಟೆಗಳ ತರಬೇತಿ ಮುಗಿಸಿ ರಾಜ್ಯದಲ್ಲಿ ನೋಂದಾಯಿಸಿಕೊಂಡಿರಬೇಕು. ಅವರು ಬರೆದುಕೊಡುವುದು ಔಷಧದ ಚೀಟಿಯಲ್ಲ; ಈ ರೋಗಿಗೆ ಪಟ್ಟಿಯಲ್ಲಿರುವ ಇಂಥ ಕಾಯಿಲೆ ಇದೆ, ಇದರಿಂದ ಪ್ರಯೋಜನವಾಗಬಹುದು ಎಂಬ ಪ್ರಮಾಣೀಕರಣ ಮಾತ್ರ. ಪಟ್ಟಿಯಲ್ಲಿ ಮೊದಲು ಸಿಕ್ಕ ಒಂದು ಕಡೆ ಮಾತೇ ಆಡದೆ ಹಣ ಕಟ್ಟಲು ಹೇಳಿದರು. ನಾನು ಅದನ್ನು ಬಿಟ್ಟು, ನೋವಿನ ಚಿಕಿತ್ಸೆಯಲ್ಲಿ ಪಳಗಿದ ಹಿರಿಯ ವೈದ್ಯರೊಬ್ಬರನ್ನು ಹುಡುಕಿಕೊಂಡೆ. ಅವರು ರೋಗಶಾಸ್ತ್ರದ ವರದಿ ಓದಿದರು, ರಾಜ್ಯದ ಔಷಧ ದಾಖಲೆಯಲ್ಲಿ ನಾನು ಬೇರೇನು ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ನೋಡಿದರು, ನನ್ನ ಸಾಕ್ಸ್ ಬಿಚ್ಚಿಸಿ ಪಾದದ ಮೇಲೆ ಹತ್ತಿಯ ಎಳೆ ಆಡಿಸಿದರು. ಎಲ್ಲಿ ಗೊತ್ತಾಗುತ್ತದೆ, ಎಲ್ಲಿ ಗೊತ್ತಾಗುವುದಿಲ್ಲ ಎಂದು ಕೇಳಿ ಬರೆದುಕೊಂಡರು.

ಇದು ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ ಎಂಬುದು ಅವರ ಮೊದಲ ಮಾತು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ ಹೊರತಂದ ದೊಡ್ಡ ವರದಿ ಗಟ್ಟಿ ಆಧಾರವಿದೆ ಎಂದದ್ದು ಕೆಲವಕ್ಕೆ ಮಾತ್ರ: ವಯಸ್ಕರ ದೀರ್ಘಕಾಲದ ನೋವು, ಕೀಮೋದ ವಾಕರಿಕೆ-ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ರೋಗಿಗಳು ಹೇಳಿಕೊಳ್ಳುವ ಸ್ನಾಯುಬಿಗಿತ. ನನಗೆ ಬೇಕಾದದ್ದು ಅವುಗಳಲ್ಲೇ ಇತ್ತು. ಅವರು ಕಂಪ್ಯೂಟರಿನಲ್ಲಿ ಪ್ರಮಾಣೀಕರಣ ಸಲ್ಲಿಸಿದರು. ಅವರ ಶುಲ್ಕಕ್ಕೆ ವಿಮೆ ಬರುವುದಿಲ್ಲ, ಕೈಯಿಂದಲೇ ಕೊಡಬೇಕು. ಆಮೇಲೆ ಮನೆಗೆ ಬಂದು ರಿಜಿಸ್ಟ್ರಿಯ ಖಾತೆಯಲ್ಲಿ ಗುರುತಿನ ಚೀಟಿಗೆ 50 ಡಾಲರ್ ಕಟ್ಟಿದೆ. ಆದಾಯ ಕಡಿಮೆಯಿದ್ದು ರಾಜ್ಯದ ನೆರವು ಯೋಜನೆಗಳಲ್ಲಿರುವವರಿಗೆ ರಿಯಾಯಿತಿ ಇದೆ. ಕಾರ್ಡ್ ಅಂಚೆಯಲ್ಲಿ ಬಂತು. ಒಂದು ವರ್ಷದ ಕಾರ್ಡ್.

ಡಿಸ್ಪೆನ್ಸರಿ ಎಂದರೆ ನಾನು ಏನೋ ಕತ್ತಲೆಯ ಅಂಗಡಿ ಎಂದುಕೊಂಡಿದ್ದೆ. ಅದು ದಂತವೈದ್ಯರ ಕ್ಲಿನಿಕ್ಕಿನ ಪಕ್ಕ, ಬಿಳಿ ದೀಪಗಳ ಸ್ವಚ್ಛ ಕೋಣೆ. ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ಕಾರ್ಡನ್ನೂ ಲೈಸೆನ್ಸನ್ನೂ ನೋಡಿ, ಯಂತ್ರಕ್ಕೆ ತೋರಿಸಿ, ಒಳಗೆ ಬಿಟ್ಟರು. ಮಗಳು ಪಕ್ಕದಲ್ಲಿದ್ದಳು. ಅವಳ ಅಮ್ಮ ಜೊತೆಗೆ ಬಂದಿದ್ದಳು, ಆದರೆ ಒಳಗೆ ಬರಲಿಲ್ಲ. ಆ ಆವರಣಕ್ಕೆ ಕಾಲಿಡುವುದೂ ಬೇಡವೆಂದು ರಸ್ತೆಯಾಚೆಯ ಕಾಫಿ ಅಂಗಡಿಯಲ್ಲಿ ಕೂತಿದ್ದಳು.

ಕಾಯುವ ಕೋಣೆಯಲ್ಲಿ ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಬಂದ ಅಜ್ಜ, ಹಿಂದೆ ಗಣಿಯಲ್ಲಿ ದುಡಿದವರಂತೆ, ನನ್ನ ಕೈಗವಸು ನೋಡಿ "ಆಕ್ಸಾಲಿಪ್ಲಾಟಿನ್ನಾ?" ಎಂದು ಕೇಳಿದರು. ಅವರ ಹೆಂಡತಿಗೂ ಅದನ್ನೇ ಕೊಟ್ಟಿದ್ದರಂತೆ. ಅಷ್ಟು ಹೊತ್ತು ಹೊಟ್ಟೆಯಲ್ಲಿದ್ದ ಅಳುಕು ಅಲ್ಲಿಗೇ ಇಳಿಯಿತು.

ಮೊದಲ ಭೇಟಿಯಲ್ಲಿ ಫಾರ್ಮಸಿಸ್ಟ್ ಜೊತೆ ಮಾತುಕತೆ ಕಡ್ಡಾಯವಾಗಿತ್ತು. ಆಕೆ ನನ್ನ ಔಷಧಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿದರು. ನರನೋವಿಗೆ ತೆಗೆದುಕೊಳ್ಳುತ್ತಿದ್ದ ಗ್ಯಾಬಪೆಂಟಿನ್ ಮೇಲೆ ಬೆರಳಿಟ್ಟು, ಎರಡೂ ಸೇರಿದರೆ ತೂಕಡಿಕೆ ಹೆಚ್ಚುತ್ತದೆ, ರಾತ್ರಿ ಮೆಟ್ಟಿಲು ಇಳಿಯುವಾಗ ಯಾರಾದರೂ ಜೊತೆಗಿರಲಿ ಎಂದರು. ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ ಎಂದು ಎರಡೆರಡು ಬಾರಿ ಕೇಳಿದರು. ಸಿಗುವ ರೂಪಗಳನ್ನು ವಿವರಿಸಿದರು: ಕ್ಯಾಪ್ಸೂಲ್, ಎಣ್ಣೆ, ನಾಲಿಗೆಯ ಕೆಳಗಿನ ಹನಿ, ಮುಲಾಮು, ಆವಿಯಾಗಿ ಎಳೆದುಕೊಳ್ಳುವ ಒಣ ಎಲೆ. ಸುಟ್ಟು ಸೇದುವುದಕ್ಕೆ ಈ ರಾಜ್ಯದ ಕಾಯ್ದೆಯಲ್ಲಿ ಅವಕಾಶವಿಲ್ಲ, ಮನೆಯಲ್ಲಿ ಬೆಳೆಯುವುದಕ್ಕೂ ಇಲ್ಲ.

ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದ ನನಗೆ ನಾಲಿಗೆಯ ಕೆಳಗಿನ ಹನಿಯೇ ಸರಿ ಎಂದು ತೀರ್ಮಾನವಾಯಿತು. ಟಿಎಚ್‌ಸಿ ಮತ್ತು ಗಾಂಜಾದ ಇನ್ನೊಂದು ರಾಸಾಯನಿಕವಾದ, ಅಮಲೇರಿಸದ ಸಿಬಿಡಿ ಸಮಸಮವಾಗಿರುವ ಸೀಸೆ. "ಎರಡೂವರೆ ಮಿಲಿಗ್ರಾಂ ಟಿಎಚ್‌ಸಿಯಿಂದ ಶುರು ಮಾಡಿ. ಏನೂ ಆಗಲಿಲ್ಲವೆಂದು ಅರ್ಧ ಗಂಟೆಗೇ ಮತ್ತೆ ಹಾಕಿಕೊಳ್ಳಬೇಡಿ. ಮೂರು ದಿನ ಅಷ್ಟರಲ್ಲೇ ಇರಿ, ಆಮೇಲೆ ಏರಿಸುವ ಮಾತು" ಎಂದು ಹೇಳಿ, ಡ್ರಾಪರಿನ ಮೇಲಿನ ಗೆರೆಯನ್ನು ಪೆನ್ನಿನಿಂದ ಗುರುತು ಮಾಡಿ ತೋರಿಸಿದರು. ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ; ಫೆಡರಲ್ ಕಾನೂನಿನ ಭಯಕ್ಕೆ ಕಾರ್ಡ್ ಕಂಪನಿಗಳು ಇದರಿಂದ ದೂರ. ನಗದು ಕೊಟ್ಟೆ. ವಿಮೆಯೂ ಇಲ್ಲ. ತಿಂಗಳಿಗೆ ನೂರು ಡಾಲರಿಗೂ ಮೇಲೆ ಹೋಗುವ ಈ ಖರ್ಚನ್ನು ಭರಿಸಲಾಗದೆ ಅರ್ಧಕ್ಕೇ ಬಿಟ್ಟವರನ್ನು ಅಲ್ಲಿಯೇ ಕಂಡಿದ್ದೇನೆ. ಕಾಯ್ದೆ ಕೊಟ್ಟ ಹಕ್ಕು ಕಿಸೆಯ ಮುಂದೆ ನಿಂತುಬಿಡುವುದು ಅನ್ಯಾಯ.

ಮನೆಯಲ್ಲಿ ಆ ಸೀಸೆಗೆ ಬೀಗದ ಪೆಟ್ಟಿಗೆ ತಂದೆವು. ಕೀಲಿ ನನ್ನ ಬಳಿ ಒಂದು, ಮಗಳ ಬಳಿ ಒಂದು. ಮೂಲ ಪ್ಯಾಕೆಟ್ಟಿನಿಂದ ಬೇರೆ ಡಬ್ಬಿಗೆ ಹಾಕಬಾರದು, ಚೀಟಿ ಕೀಳಬಾರದು, ರಾಜ್ಯದ ಗಡಿ ದಾಟಿಸಬಾರದು. ನಮ್ಮಲ್ಲಿಂದ ಒಹಾಯೋ ಒಂದು ಗಂಟೆಯ ದಾರಿಯೂ ಅಲ್ಲ, ಆದರೂ ಅಲ್ಲಿನ ನೆಂಟರ ಮನೆಗೆ ಹೋದಾಗ ಸೀಸೆ ಇಲ್ಲಿಯೇ ಉಳಿಯುತ್ತಿತ್ತು. ಊರಿಗೆ ಒಯ್ಯುವ ಪ್ರಶ್ನೆಯಂತೂ ಇಲ್ಲವೇ ಇಲ್ಲ: ಭಾರತದಲ್ಲಿ ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಿದೆ, ನಡುವೆ ವಿಮಾನ ಬದಲಿಸುವ ಕೊಲ್ಲಿ ರಾಷ್ಟ್ರಗಳಲ್ಲಿ ಇನ್ನೂ ಕಠಿಣ ಕಾನೂನಿದೆ. ಪೆನ್ಸಿಲ್ವೇನಿಯಾದ ಕಾರ್ಡಿಗೆ ಅಲ್ಲೆಲ್ಲೂ ಬೆಲೆಯಿಲ್ಲ.

ಮೊದಲ ಎರಡು ರಾತ್ರಿ ನನಗೆ ಏನೂ ಅನ್ನಿಸಲಿಲ್ಲ. ಮೂರನೆಯ ರಾತ್ರಿ ಪಾದದ ಉರಿ ಇತ್ತು, ಆದರೆ ನಿದ್ದೆಯ ಅಂಚಿನಿಂದ ನನ್ನನ್ನು ಎಬ್ಬಿಸುವಷ್ಟು ಇರಲಿಲ್ಲ. ಪ್ರಮಾಣ ಸ್ವಲ್ಪ ಏರಿಸಿದ ಮೇಲೆ ಮುಂದಿನ ಕೀಮೋದ ನಂತರ ಬೆಳಗ್ಗೆ ಅರ್ಧ ಜೋಳದ ರೊಟ್ಟಿ, ಮೊಸರು ತಿಂದೆ. ಒಮ್ಮೆ ಏರಿಸಿದ್ದು ಹೆಚ್ಚಾಗಿ ತಲೆ ತಿರುಗಿ, ಎದೆ ಡವಗುಟ್ಟಿ, ಗೋಡೆ ಹಿಡಿದು ಕೂತದ್ದೂ ಇದೆ; ಮರುದಿನ ಫಾರ್ಮಸಿಸ್ಟ್‌ಗೆ ಫೋನ್ ಮಾಡಿ ಹಿಂದಿನ ಅಳತೆಗೆ ಇಳಿದೆ. ನನ್ನ ಕ್ಯಾನ್ಸರ್ ತಜ್ಞೆ ಮುಂದಿನ ಭೇಟಿಯಲ್ಲಿ ತೂಕ ನೋಡಿ ಇಳಿಕೆ ನಿಂತಿದೆ ಎಂದು ಬರೆದುಕೊಂಡರು.

ಮಗಳು ಇಲ್ಲದ ರಾತ್ರಿಗಳು ಕಷ್ಟದವು. ಅವಳು ಕೆಲಸಕ್ಕೆಂದು ಫಿಲಡೆಲ್ಫಿಯಾಕ್ಕೆ ಹೋಗಿದ್ದ ಒಂದು ರಾತ್ರಿ ನನಗೆ ಉರಿ ತಡೆಯಲಾಗಲಿಲ್ಲ. ಬೆರಳುಗಳಿಗೆ ಸ್ಪರ್ಶವೇ ಇಲ್ಲ, ಬೀಗದ ಸಣ್ಣ ಕೀಲಿ ಹಿಡಿತಕ್ಕೆ ಸಿಗುತ್ತಿಲ್ಲ, ಜಾರಿ ಜಾರಿ ಬೀಳುತ್ತಿದೆ. ನನ್ನ ಹೆಂಡತಿ ಎದುರಿಗೆ ನಿಂತಿದ್ದಾಳೆ. ಅವಳು ದೀಪ ಹಾಕಿದಳು, ಕೀಲಿ ಬಿದ್ದ ಜಾಗ ತೋರಿಸಿದಳು, ಬಿಸಿನೀರು ತಂದಳು, ನನ್ನ ಬೆನ್ನು ಹಿಡಿದಳು. ಪೆಟ್ಟಿಗೆಯನ್ನು ಮಾತ್ರ ಮುಟ್ಟಲಿಲ್ಲ. "ನಾನು ತೆಗೆದುಕೊಟ್ಟುಬಿಡಲೇನ್ರೀ?" ಎಂದು ಅವಳು ಅಳುತ್ತಾ ಕೇಳಿದಾಗ ಬೇಡ ಎಂದವನು ನಾನೇ. ಎಷ್ಟೋ ಹೊತ್ತಿನ ಮೇಲೆ ಕೀಲಿ ಬೀಗದೊಳಗೆ ಹೋಯಿತು. ಆ ರಾತ್ರಿ ನಮ್ಮಿಬ್ಬರ ನಡುವೆ ನಿಂತಿದ್ದ ಕಾನೂನು ಯಾರನ್ನು, ಯಾವುದರಿಂದ ಕಾಪಾಡಿತು ಎಂದು ನನಗೆ ಇಂದಿಗೂ ತಿಳಿಯದು.

2023ರಲ್ಲಿ ಅವಳ ಪೌರತ್ವದ ಸಂದರ್ಶನವಾಯಿತು. ವಕೀಲೆ ಮೊದಲೇ ಹೇಳಿದ್ದರು: ಸುಳ್ಳು ಹೇಳಬೇಡಿ, ಹೇಳುವ ಪ್ರಸಂಗವೇ ಬಾರದಂತೆ ಬದುಕಿರಿ. ನಿಯಂತ್ರಿತ ವಸ್ತುಗಳ ಬಗೆಗಿನ ಪ್ರಶ್ನೆ ಬಂದಾಗ ಅವಳು ಇಲ್ಲ ಎಂದಳು, ಅದು ನಿಜವಾಗಿತ್ತು. ಪ್ರಮಾಣವಚನ ಮುಗಿಸಿ ಬಂದ ವಾರವೇ ವಕೀಲೆಯನ್ನು ಇನ್ನೊಮ್ಮೆ ಕೇಳಿ, ರಿಜಿಸ್ಟ್ರಿಯಲ್ಲಿ ತನ್ನ ಹೆಸರನ್ನು ನನ್ನ ಎರಡನೇ ಕೇರ್‌ಗಿವರ್ ಆಗಿ ಸೇರಿಸಲು ಅರ್ಜಿ ಹಾಕಿದಳು. ಈಗ ಡ್ರಾಪರಿನ ಗೆರೆ ನೋಡುವವಳು ಅವಳೇ, ಕ್ಯಾಲೆಂಡರಿನಲ್ಲಿ ಅದಕ್ಕೂ ಒಂದು ಬಣ್ಣ ಇದೆ. ಕೀಮೋ ಮುಗಿದಿದೆ, ವಾಕರಿಕೆ ಹೋಗಿದೆ. ಪಾದದ ನರಬೇನೆ ಉಳಿದಿರುವುದರಿಂದ ಪ್ರತಿ ವರ್ಷ ಆ ಹಿರಿಯ ವೈದ್ಯರ ಬಳಿಗೆ ಹೋಗಿ ಪ್ರಮಾಣೀಕರಣ ಹೊಸದು ಮಾಡಿಸುತ್ತೇನೆ. ಅವರು ಈಗಲೂ ಸಾಕ್ಸ್ ಬಿಚ್ಚಿಸಿ ಹತ್ತಿಯ ಎಳೆ ಆಡಿಸುತ್ತಾರೆ.

ವಿಷಯ ತಿಳಿದವರು ಆಗಾಗ ಫೋನ್ ಮಾಡುತ್ತಾರೆ. ನಾನು ಕಾಯಿಲೆ ಕೇಳುವ ಮೊದಲು ಮನೆಯಲ್ಲಿ ಯಾರ ಬಳಿ ಯಾವ ಕಾಗದ ಇದೆ ಎಂದು ಕೇಳುತ್ತೇನೆ, ವಲಸೆ ವಕೀಲರೊಂದಿಗೆ ಮಾತನಾಡಿದ ಮೇಲೆಯೇ ರಿಜಿಸ್ಟ್ರಿ ತೆರೆಯಿರಿ ಎನ್ನುತ್ತೇನೆ. 2024ರಲ್ಲಿ ಮೈಸೂರು ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಸಂದರ್ಶಕ ವೀಸಾದಲ್ಲಿ ಮಗನ ಮನೆಗೆ ಬಂದಿದ್ದ ಅವನ ತಾಯಿಗೆ ಇಲ್ಲಿಯೇ ಕ್ಯಾನ್ಸರ್ ಪತ್ತೆಯಾಗಿ ಕೀಮೋ ಶುರುವಾಗಿತ್ತು; ಏನು ತಿಂದರೂ ವಾಂತಿ. ಅವನು ಎಚ್-1ಬಿ. "ಅಂಕಲ್, ನನ್ನ ಲೈಸೆನ್ಸ್ ಇದೆ, ನನ್ನ ಹೆಸರಿನಲ್ಲೇ ಕಾರ್ಡ್ ಮಾಡಿಸಿ ಅಮ್ಮನಿಗೆ ತಂದುಕೊಡುತ್ತೇನೆ" ಎಂದ. ಬೇಡಪ್ಪಾ ಎಂದೆ. ತಾಯಿ ಇಲ್ಲಿನ ನಿವಾಸಿಯಲ್ಲ, ಅವರಿಗೆ ಕಾರ್ಡ್ ಸಿಗುವುದಿಲ್ಲ. ಇವನ ಕಾರ್ಡಿನಲ್ಲಿ ಕೊಂಡು ಇನ್ನೊಬ್ಬರಿಗೆ ಕೊಟ್ಟರೆ ರಾಜ್ಯದ ಕಾಯ್ದೆಯೂ ಒಪ್ಪುವುದಿಲ್ಲ, ಅಲ್ಲಿಗೆ ಇವನ ವೀಸಾವೂ ಹೋದಂತೆ. ಡ್ರೊನಾಬಿನಾಲ್ ಎಂಬ ಹೆಸರನ್ನು ಅಕ್ಷರ ಬಿಡಿಸಿ ಬರೆಸಿದೆ. ಅದು ಎಫ್‌ಡಿಎ ಒಪ್ಪಿದ್ದು, ವೈದ್ಯರ ಚೀಟಿಯ ಮೇಲೆ ಬರುವುದರಿಂದ ಫೆಡರಲ್ ಕಾನೂನಿಗೂ ಸಲ್ಲುವಂಥದ್ದು, ನಿಮ್ಮ ಕ್ಯಾನ್ಸರ್ ತಜ್ಞರನ್ನು ಕೇಳು, ಒಂದು ಬಾರಿ ಇಲ್ಲ ಎಂದರೆ ಏಕೆ ಎಂದು ಕೇಳು ಎಂದೆ. ಎರಡು ವಾರದ ಮೇಲೆ ಅವನ ಸಂದೇಶ ಬಂತು: ತಜ್ಞರು ಬರೆದುಕೊಟ್ಟಿದ್ದಾರೆ, ಅಮ್ಮ ಗಂಜಿ ಕುಡಿಯುತ್ತಿದ್ದಾರೆ.